ಕಟಕಟೆಯಲ್ಲಿ ಹೇಳಿದ ಪಾಠ

ಗುರುಮಠದ ಮುಖ್ಯಸ್ಥರಾದ ಮಾನ್ಯರೇ,

ಹನ್ನೊಂದು ವರ್ಷ ನಿಮ್ಮಲ್ಲಿ ಪಾದ್ರಿಯಾಗಲು ಬಂದವರಿಗೆ ನೈತಿಕ ದೈವಶಾಸ್ತ್ರ ಕಲಿಸಿದ ನನ್ನನ್ನು, ಕಲಿಸಿದ್ದನ್ನೇ ನ್ಯಾಯಾಲಯದಲ್ಲಿ ಹೇಳಿದ ತಪ್ಪಿಗೆ ಕೆಲಸದಿಂದ ತೆಗೆದಿದ್ದೀರಿ. ಕಾರಣ ‘ದುರ್ನಡತೆ’ಯಂತೆ. ಯಾವ ದುರ್ನಡತೆ ಎಂದು ಮೂರು ಪತ್ರ ಬರೆದೆ, ಉತ್ತರವಿಲ್ಲ. ಈಗ ಊರೆಲ್ಲ ಕೇಳುವ ಹಾಗೆ ಕೇಳುತ್ತಿದ್ದೇನೆ.

1982ರ ಮಾರ್ಚ್‌ನಲ್ಲಿ ಮಾಲೂರಿನಲ್ಲಿ ರೈಲಿಳಿದು ಇಟ್ಟಿಗೆ ಗೂಡುಗಳ ದಾರಿಯಲ್ಲಿ ಅಣ್ಣನ ಮನೆಗೆ ಹೊರಟಿದ್ದೆ. ಜ್ವರವೆಂದು ಕೆಲಸ ಬಿಟ್ಟು ಕೂತಿದ್ದ ಭಾರತಮ್ಮ ಎಂಬ ಹೆಂಗಸನ್ನು ಮೇಸ್ತ್ರಿ ನರಸಿಂಹಪ್ಪ ತುರುಬು ಹಿಡಿದು ಎಳೆದ, ಒದ್ದ, ಉರಿಯುವ ಗೂಡಿನ ಬಾಯಿಗೆ ಅವಳ ಮುಖ ಒತ್ತಿದ. ಕೂದಲು ಸುಟ್ಟ ವಾಸನೆ ರಸ್ತೆಯವರೆಗೂ ಬಂತು. ಅವಳ ತಂಗಿ ಕದಿರಮ್ಮ ಕೈಯಲ್ಲಿದ್ದ ಇಟ್ಟಿಗೆಯ ಮರದ ಅಚ್ಚಿನಿಂದ ಅವನ ತಲೆಗೆ ಹೊಡೆದಳು. ಅವನು ಬಿಡಲಿಲ್ಲ. ಮತ್ತೆ ಹೊಡೆದಳು. ಬುರುಡೆ ಒಡೆದು ಬಿದ್ದವನು ಏಳಲೇ ಇಲ್ಲ.

ಕೊಲೆ ಕೇಸಾಯಿತು. ಕೋಲಾರದ ಕೋರ್ಟಿನಲ್ಲಿ ಕದಿರಮ್ಮ ಹೇಳಿದಳು: “ಸಾಯ್ಲಿ ಅಂತ ಹೊಡೀಲಿಲ್ಲ ಸ್ವಾಮಿ. ಅಕ್ಕನ್ನ ಬಿಡ್ಲಿ ಅಂತ ಹೊಡ್ದೆ.”

ಮಾನ್ಯರೇ, ನಿಸರ್ಗ ನಿಯಮ ಮತ್ತು ಆತ್ಮರಕ್ಷಣೆಯ ಬಗ್ಗೆ ರೋಮಿನಲ್ಲಿ ನಾಲ್ಕು ವರ್ಷ ಕೂತು ನಾನು ಬರೆದ ಮುನ್ನೂರು ಪುಟಗಳಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ. ಕಂಡದ್ದನ್ನು ಹೇಳಲು ಕಟಕಟೆ ಹತ್ತಿದ ನಾನು, ಕೊಲ್ಲುವ ಉದ್ದೇಶವಿಲ್ಲದೆ ಜೀವ ಉಳಿಸಲು ಕೊಟ್ಟ ಪೆಟ್ಟು ಪಾಪವಲ್ಲ ಎಂಬ ಆ ಪಾಠವನ್ನೂ ಹೇಳಿದೆ. ಎದುರು ವಕೀಲರು ನಕ್ಕರು: “ಪಾದ್ರಿಗಳೇ, ಕೊಲ್ಲಬೇಡ ಅನ್ನೋದು ನಿಮ್ಮ ದೇವರ ಆಜ್ಞೆ ಅಲ್ವಾ?”

“ಹೌದು. ಆ ಆಜ್ಞೆ ಮೇಸ್ತ್ರಿಗೂ ಇತ್ತು,” ಎಂದೆ.

ಆ ಸಂಜೆ ಗೂಡಿನ ಮಾಲೀಕರ ಕಡೆಯ ನಾಲ್ವರು ನನ್ನನ್ನು ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಕೆಡವಿ ತುಳಿದರು. ಎರಡು ಪಕ್ಕೆಲುಬು ಮುರಿದವು. ಆಸ್ಪತ್ರೆಗೆ ತಾವು ಮೂಸಂಬಿ ತಂದಿರಿ, ಬುದ್ಧಿಮಾತನ್ನೂ ತಂದಿರಿ: “ಫಾದರ್, ಅದು ಕ್ಲಾಸಿನಲ್ಲಿ ಹೇಳೋ ಮಾತು, ಕೋರ್ಟಲ್ಲಲ್ಲ. ನಮ್ಮ ಪ್ರಾರ್ಥನಾಲಯಕ್ಕೆ ಇಟ್ಟಿಗೆ ಕೊಟ್ಟವರು ಆ ಗೂಡಿನವರೇ ಅಲ್ಲವೇ?” ಹಾಗಾದರೆ ಪರೀಕ್ಷೆಯಲ್ಲಿ ಬರೆದರೆ ಅಂಕ, ಕಟಕಟೆಯಲ್ಲಿ ಹೇಳಿದರೆ ಶಿಕ್ಷೆ, ಇದು ಯಾವ ಶಾಸ್ತ್ರ? ನ್ಯಾಯಾಧೀಶರು ಕದಿರಮ್ಮನನ್ನು ಬಿಡುಗಡೆ ಮಾಡಿದರು. ತಿಂಗಳೊಳಗೆ ತಾವು ನನ್ನನ್ನು ಬಿಡುಗಡೆ ಮಾಡಿದಿರಿ!

ನನ್ನ ಕಡತದಿಂದ ಆ ಪದ ಹೊಡೆದುಹಾಕಿ. ಇಲ್ಲವೇ ಬಹಿರಂಗ ವಿಚಾರಣೆ ನಡೆಸಿ. ದುರ್ನಡತೆ ಎಂದು ಬರೆದೇ ತೀರಬೇಕಾದರೆ ನಿಜವಾದದ್ದನ್ನು ಬರೆಯಿರಿ. ಮೇಸ್ತ್ರಿ ಆ ಹೆಂಗಸನ್ನು ಇಪ್ಪತ್ತು ಹೆಜ್ಜೆ ಎಳೆದ. ಅಷ್ಟು ಹೊತ್ತೂ, ಆತ್ಮರಕ್ಷಣೆಯ ಮೇಲೆ ಡಾಕ್ಟರೇಟು ಪಡೆದ ನಾನು, ಬೇಲಿಯ ಪಕ್ಕ ಕೊಡೆ ಹಿಡಿದು ನಿಂತಿದ್ದೆ. ಕೂಗಲೂ ಇಲ್ಲ. ಕೋರ್ಟಿನಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಇಂತಿ,
ತಡವಾಗಿ ಬಾಯಿಬಿಟ್ಟ
ಫಾದರ್ ಇನ್ನಾಸಪ್ಪ
ಮಾಲೂರು, ಜೂನ್ 1984