ನಿನ್ನ ಮೇಜಿಗೆ ಬರುವ ಮೊದಲ ದೂರು

ಮಗಳೇ,

ನನಗೆ ಬೆಳಗಿನ ಪಾಳಿ, ಹೊರಟೆ. ಇಸ್ತ್ರಿ ಮಾಡಿದ ನಿನ್ನ ಬಟ್ಟೆ ಕುರ್ಚಿಯ ಮೇಲಿದೆ. ತಿಂಡಿ ತಿನ್ನದೆ ಹೋದರೆ ಜೋಕೆ!

ಮನಶ್ಶಾಸ್ತ್ರ ಓದಿ ಯಾರ ತಲೆ ರಿಪೇರಿ ಮಾಡುತ್ತೀಯೆ ಎಂದು ಮೂರು ವರ್ಷ ರೇಗಿದವನು ನಾನೇ. ಇವತ್ತು ನಮ್ಮ ಕಾರ್ಖಾನೆಗೇ ಎಚ್‌.ಆರ್. ಆಗಿ ಬರುತ್ತಿದ್ದೀಯೆ. ಗೇಟಿನಿಂದ ಕ್ಯಾಂಟೀನಿನವರೆಗೆ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಇನ್ನೊಂದು ವಿಷಯ. ನಿನಗೆ ಬರುವ ಮೊದಲ ದೂರು ನನ್ನ ಮೇಲೆಯೇ. ನಿನ್ನೆ ಸ್ಟೋರ್ ಕೀಪರ್ ಮೇಲೆ ಕೂಗಾಡಿದೆ. "ದೂರು ಕೊಡ್ತೀನಿ" ಅಂದ. "ಕೊಡಯ್ಯಾ, ತಗೊಳ್ಳೋಳು ನನ್ನ ಮಗಳೇ" ಅಂದೆ. ಹಾಗೆ ಅಂದದ್ದು ತಪ್ಪು. ಅಪ್ಪನೆಂದು ಬಿಡಬೇಡ, ಅವನ ಮಾತನ್ನೂ ಕೇಳು.

ಇವತ್ತಿನಿಂದ ನೀನು ಕೂರುವ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡೇ ಬೈಸಿಕೊಂಡಿದ್ದೇನೆ. ಯಾರೇ ಬರಲಿ, ಮೊದಲು ಕೂರಿಸು. ನನ್ನನ್ನೂ ಕೂರಿಸಿಯೇ ಬೈಯಿ.

ಅಪ್ಪ