ಮಿಸ್ ಕನಕಾಂಗಿಯ ತುಟಿಗಳು

ನವೆಂಬರ್ ೧೬, ಭಾನುವಾರ

ಹಳೇ ಸಿನಿಮಾ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಸುದ್ದಿಗೆ ಕಾಯುತ್ತಿದ್ದಾರೆ, ನನಗೆ ಟೈಪ್ ಮಾಡಲು ಆಗುತ್ತಿಲ್ಲ. ನನ್ನ ಮೆಚ್ಚಿನ ಮೂಕಿ ಸಿನಿಮಾ ಸ್ಟಾರ್ ಮಿಸ್ ಕನಕಾಂಗಿಯ ಮಗಳು ಇಲ್ಲೇ ಯಡಿಯೂರಿನಲ್ಲಿ ಸಿಕ್ಕರು! ಪದ್ಮಜ್ಜಿ, ತೊಂಬತ್ತಮೂರು ವರ್ಷ.

"ಹಸುಗೂಸು ನನ್ನ ಬಿಟ್ಟು ಸಿನಿಮಾಗೆ ಹೋದೋಳು ಕಣೇ. ನನ್ನ ನೆನಪಾದ್ರೂ ಇತ್ತೋ ಇಲ್ವೋ" ಎಂದರು.

ಕನಕಾಂಗಿಯ ಸಿನಿಮಾಗಳಲ್ಲಿ ಉಳಿದಿರುವ ನಲವತ್ತು ಸೆಕೆಂಡಿನ ಒಂದೇ ಕ್ಲಿಪ್ ಫೋನಿನಲ್ಲಿ ತೋರಿಸಿದೆ. ರಾಜಕುಮಾರನನ್ನು ಅಗಲಿ ಅಳುವ ಸೀನ್. ಮೂಕಿಯಲ್ಲಿ ಕ್ಯಾಮೆರಾ ಮುಂದೆ ಏನು ಬೇಕಾದರೂ ಹೇಳಬಹುದಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದರು.

"ತುಟಿ ನೋಡೇ. ಪಮ್ಮು, ಪಮ್ಮು ಅಂತಿದಾಳೆ. ನನ್ನನ್ನೇ ಕರೀತಿರೋದು!"

ನಾಲ್ಕು ಸಲ ನೋಡಿದೆವು. ಹೌದೋ ಅಲ್ಲವೋ, ಗೊತ್ತಾಗಲಿಲ್ಲ.

"ಸ್ವಲ್ಪ ಸೌಂಡ್ ಜಾಸ್ತಿ ಮಾಡು ಮರಿ."

ಕ್ಲಿಪ್‌ನಲ್ಲಿ ಸೌಂಡೇ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ.