ವಯಸ್ಸು ಕೇಳುವ ಕಿಟಕಿ

ಮಾರ್ಚ್ 9, ಭಾನುವಾರ

ನನ್ನ ಮುದ್ದು ತಂಗಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಕೆಲಸ ಇತ್ತು ಅನ್ನೋದು ಅರ್ಧ ಸತ್ಯ. ನಿನ್ನ ಪುಟ್ಟಿಯ ಮುಂದಿನ ಹಲ್ಲು ಬಿತ್ತಂತೆ, ನಕ್ಕರೆ ಹೇಗೆ ಕಾಣ್ತಾಳೋ ನೋಡೋ ಆಸೆ.

ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕಿಟಕಿಯಲ್ಲಿ ಕೂತು ಹೆಸರು, ವಯಸ್ಸು ಬರೆದುಕೊಳ್ಳೋ ನನಗೆ ದೊಡ್ಡ ಡಾಕ್ಟರು ಹೊಸ ಕೆಲಸ ಹಚ್ಚಿದ್ದರು. "ವರ್ಷದಲ್ಲಿ ಯಾವ ವಯಸ್ಸಿನವರು ಎಷ್ಟು ಸಲ ಬಂದರು, ಒಂದು ಪಟ್ಟಿ ಮಾಡಮ್ಮ" ಅಂತ. ಊರಲ್ಲಿ ಆಯಾ ವಯಸ್ಸಿನವರು ಎಷ್ಟಿದ್ದಾರೆ ಅನ್ನೋದಕ್ಕೆ ಹೋಲಿಸಿ ನೋಡಿದರೆ ವರ್ಷ ತುಂಬದ ಕೂಸುಗಳೇ ಮುಂದೆ. ಅವು ಎರಡು ಸಲ ಸೀನಿದರೂ ಅಪ್ಪ ಅಮ್ಮ ಎದ್ದೆವೋ ಬಿದ್ದೆವೋ ಅಂತ ಓಡಿಬರುತ್ತಾರೆ. ಆಮೇಲೆ ಎಪ್ಪತ್ತೈದು ದಾಟಿದವರು. ಒಬ್ಬ ಅಜ್ಜಿ ಹದಿನಾಲ್ಕು ಸಲ ಬಂದಿದ್ದಾರೆ. ವಯಸ್ಸು ಕೇಳಿದರೆ, "ಹೋದ ಸಲ ಎಷ್ಟು ಬರೆದೆಯೋ ಅಷ್ಟೇ ಬರಿ, ಹೆಚ್ಚು ಮಾಡಬೇಡ" ಅಂತಾರೆ.

ಕಡಿಮೆ ಬರೋರು ನಲವತ್ತು, ಐವತ್ತರವರು. ಡಾಕ್ಟರು ಪಟ್ಟಿ ನೋಡಿ, "ಇವರು ಮನೆ, ಕೆಲಸ ಎಲ್ಲ ಮುಗಿಸಿಕೊಂಡು ಬರ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ" ಅಂದರು.

ಮೊನ್ನೆ ಬಸ್ ಡ್ರೈವರ್ ಒಬ್ಬರು, ನಲವತ್ತೇಳು ವಯಸ್ಸು, ಬೆವರು ಒರೆಸಿಕೊಳ್ತಾ ಸಾಲಿನ ಕೊನೇಲಿ ನಿಂತಿದ್ದರು. ಏನಾಗ್ತಿದೆ ಅಂತ ಕೂಗಿ ಕೇಳಿದೆ. "ಎದೆ ಹಿಡಿದಂಗಿದೆ ಮೇಡಂ, ಗ್ಯಾಸ್ ಇರಬೇಕು. ಮೊದಲು ಮಕ್ಕಳನ್ನ ನೋಡಿ." ನಾನು ಎದ್ದು ಹೋಗಿ ರಟ್ಟೆ ಹಿಡಿದು ಒಳಗೆ ಕರ್ಕೊಂಡು ಹೋದೆ. ಹಾರ್ಟ್ ಅಟ್ಯಾಕೇ. ಬದುಕಿಕೊಂಡರು. ಅವರ ಹೆಂಡತಿ ನನ್ನ ಕೈ ಹಿಡಿದು "ನಿಮ್ಮಿಂದ ಉಳಿದರು" ಅಂದಾಗ ನನಗೆ ಆಕೆಯ ಮುಖ ನೋಡೋಕೆ ಆಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಟ್ಟಿಗೊಂದು ಮುತ್ತು. ನೀವಿಬ್ಬರೂ ತಣ್ಣಗಿರಿ.

ನಿನ್ನ ಅಕ್ಕ

ಇನ್ನೊಂದು ಮಾತು: ನಿನ್ನವರು ತೀರಿಕೊಂಡು ಎಂಟು ತಿಂಗಳಾಯ್ತು. "ನಾನೇ ಹಟ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು" ಅಂತ ಮತ್ತೆ ಮತ್ತೆ ಬರೀತೀಯ. ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಅವರು ನನಗೆ ಫೋನ್ ಮಾಡಿದ್ದರು. "ಅಕ್ಕ, ಎದೆ ಒಂಥರಾ ಆಗ್ತಿದೆ, ಈಗ ಬರಲಾ?" ಅಂದರು. ಜ್ವರದ ಮಕ್ಕಳ ಗಲಾಟೆ ನಡುವೆ ನಾನು, "ನಿಮ್ಮ ವಯಸ್ಸಿಗೆ ಏನಾಗುತ್ತೆ? ಸಂಜೆ ಬನ್ನಿ, ರಶ್ ಕಡಿಮೆ ಇರುತ್ತೆ" ಅಂದೆ. "ಸರಿ ಅಕ್ಕ" ಅಂತ ಫೋನ್ ಇಟ್ಟರು. ಮೂರು ಗಂಟೆಗೆ ನಿನ್ನ ಫೋನ್ ಬಂತು. ಅವರು ಬರೋಕೆ ಹೊರಟಿದ್ದರು ಕಣೆ. ಬೇಡ ಅಂದವಳು ನಾನು.